ಫುಲ್ ಫ್ರೇಮ್ ಅದಾ?

ಮದುವೆ ಗೊತ್ತುಮಾಡಿಕೊಂಡು ಫೋಟೋಕ್ಕೆ ಹೇಳಲು ಬರುವವರು ಈಗ ಮೊದಲು ರೇಟು ಕೇಳುವುದಿಲ್ಲ. "ಫುಲ್ ಫ್ರೇಮ್ ಅದಾ?" ಅಂತ ಕೇಳ್ತಾರೆ. ಕೇಳುವ ಹತ್ತು ಜನದಲ್ಲಿ ಒಂಬತ್ತು ಜನಕ್ಕೆ ಅದು ಏನು ಅಂತ ಗೊತ್ತಿಲ್ಲ. ಗೊತ್ತಿರಬೇಕಾದ್ದೂ ಇಲ್ಲ. ಹಿಂದೆ "ಕಲರ್ ಅದಾ?" ಅಂದರು. ಆಮೇಲೆ "ವಿಡಿಯೋ ಅದಾ?" ಅಂದರು. ಆಮೇಲೆ "ಡ್ರೋನ್ ಅದಾ?" ಅಂದರು. ಈಗ ಇದು. ಮೈಸೂರಿನ ಯಾವುದೋ ಛತ್ರದಲ್ಲಿ ಯಾರೋ ಆಡಿದ ಮಾತು ಇವರ ಕಿವಿಗೆ ಬಿದ್ದಿದೆ. ಅದು ಊರಿಂದೂರಿಗೆ ನಡೆದು ಬಂದು ನನ್ನ ಸಣ್ಣ ಸ್ಟುಡಿಯೋದ ಬಾಗಿಲಲ್ಲಿ ನಿಂತು, ಎರಡೂವರೆ ಲಕ್ಷ ತಗಿ ಅಂತಿದೆ.

ನಾನು ಚಾಮರಾಜನಗರ ಸೀಮೆಯ ಒಂದು ತಾಲ್ಲೂಕು ಊರಿನಲ್ಲಿ ಫೋಟೋ ತೆಗೆದು ಬದುಕುವವನು. ಸಾಮಾನ್ಯ ದಿನದಲ್ಲಿ ಪಾಸ್‌ಪೋರ್ಟ್ ಸೈಜು. ಸ್ಕಾಲರ್‌ಶಿಪ್ ಅರ್ಜಿಗೆ, ಹಾಸ್ಟೆಲ್ ಅರ್ಜಿಗೆ, ಬ್ಯಾಂಕಿನ ಪುಸ್ತಕಕ್ಕೆ. ಲಗ್ನದ ತಿಂಗಳಲ್ಲಿ ಮದುವೆ, ಬೀಗರೂಟ. ಉಳಿದ ಹೊತ್ತಿನಲ್ಲಿ ನನ್ನ ಮನಸ್ಸಿನ ಕೆಲಸ. ತಂಬೂರಿ ಹಿಡಿದ ನೀಲಗಾರರು, ಕಂಸಾಳೆಯವರು, ತಮಟೆಯವರು, ಬೆಳಗಿನ ಜಾವ ಪೊರಕೆ ಹಿಡಿದು ಬೀದಿಗಿಳಿಯುವ ಪೌರಕಾರ್ಮಿಕರು, ನಮ್ಮ ಕೇರಿಯ ಮುದುಕ ಮುದುಕಿಯರು... ಇವರ ಫೋಟೋ ತೆಗೆದಿಡುವುದು. ಮೊದಲನೆಯದು ಹೊಟ್ಟೆಗೆ. ಎರಡನೆಯದು ಯಾಕೆ ಅನ್ನುವುದನ್ನು ಮುಂದೆ ಹೇಳ್ತೀನಿ.

ನನ್ನ ಕೈಲಿರುವುದು 2013ರಲ್ಲಿ ಬಂದ ನಿಕಾನ್ ಡಿ5300. ಸೆಕೆಂಡ್ ಹ್ಯಾಂಡಲ್ಲಿ ಕೊಂಡದ್ದು. ಅದರ ಜೊತೆ ಬಂದ 18-55ರ ಲೆನ್ಸು. ಇದನ್ನು ಬಿಟ್ಟು ಮೇಲಿನ ದರ್ಜೆಯ ಫುಲ್ ಫ್ರೇಮ್ ಕ್ಯಾಮೆರಾ ಕೊಳ್ಳಬೇಕೆ, ಬೇಡವೆ? ಆರು ತಿಂಗಳಿಂದ ನನ್ನ ತಲೆಯೊಳಗೆ ಇದೇ ಜಗಳ. ಇದೇನು ಪತ್ರಿಕೆಯಲ್ಲಿ ಬರೆಯುವ ವಿಷಯವಾ ಅಂತ ನೀವು ಕೇಳಬಹುದು. ಕೈಯಲ್ಲಿ ದುಡ್ಡಿದ್ದು ಕೊಳ್ಳುವವನಿಗೆ ಇದು ಶೋಕಿಯ ಮಾತು. ಸಾಲ ಮಾಡಿ ಕೊಳ್ಳುವವನಿಗೆ ಇದು ಮನೆಯ ಮಾತು, ಕಸುಬಿನ ಮಾತು. ಹಳ್ಳಿಯಿಂದ ಬಂದು ಕ್ಯಾಮೆರಾ ಹಿಡಿದ ಹುಡುಗರು ಈಗ ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ. ಅವರಿಗೂ ಇದು ಬೇಕಾದ ಲೆಕ್ಕ.

ಮೊದಲು ಆ ಹೆಸರನ್ನೇ ಹಿಡಿದು ನೋಡೋಣ.

ಫುಲ್ ಫ್ರೇಮ್ ಅಂದರೆ ಕ್ಯಾಮೆರಾದ ಒಳಗೆ ಬೆಳಕು ಹಿಡಿಯುವ ಸೆನ್ಸರು 36 ಮಿಲಿಮೀಟರ್ ಅಗಲ, 24 ಮಿಲಿಮೀಟರ್ ಎತ್ತರ ಇದೆ ಅಂತ. ಅಷ್ಟೇ. ಒಂದು ಬೆಂಕಿಪೊಟ್ಟಣಕ್ಕಿಂತ ಚಿಕ್ಕದು. ನನ್ನ ಕ್ಯಾಮೆರಾದ ಸೆನ್ಸರು 23.5ಕ್ಕೆ 15.6 ಮಿಲಿಮೀಟರ್. ಇದಕ್ಕೆ ಕ್ರಾಪ್ ಅಂತ ಹೆಸರಿಟ್ಟಿದ್ದಾರೆ. ಕ್ರಾಪ್ ಅಂದರೆ ಕತ್ತರಿಸಿದ್ದು. ಅವರದು ಪೂರ್ತಿ, ನಮ್ಮದು ಮೊಟಕು!

ಈ 36-24 ಯಾವ ಶಾಸ್ತ್ರದಲ್ಲಿ ಬರೆದ ಅಳತೆ? ಯಾವ ಶಾಸ್ತ್ರದಲ್ಲೂ ಇಲ್ಲ. ಜರ್ಮನಿಯ ಲೈಟ್ಸ್ ಕಂಪನಿಯಲ್ಲಿ ಆಸ್ಕರ್ ಬರ್ನಾಕ್ ಅನ್ನುವ ಕುಶಲ ಯಂತ್ರ ಕೆಲಸಗಾರ ಇದ್ದ. ಉಬ್ಬಸದ ಮನುಷ್ಯ. ಗಾಜಿನ ಪ್ಲೇಟಿನ ಭಾರದ ಕ್ಯಾಮೆರಾ ಹೊತ್ತು ನಡೆಯುವುದು ಅವನಿಗೆ ಕಷ್ಟ. ಅವನು ಸಿನಿಮಾದ 35 ಎಂಎಂ ಫಿಲ್ಮು ತಗೊಂಡು, ಸಿನಿಮಾದ ಎರಡು ಚೌಕ ಸೇರಿಸಿ ಒಂದು ಚಿತ್ರ ಮಾಡಿದ. ಹಾಗೆ ಬಂದದ್ದು 36-24. ಅದೇ 1925ರಲ್ಲಿ ಲೈಕಾ ಅನ್ನುವ ಹೆಸರಿನಲ್ಲಿ ಮಾರಾಟಕ್ಕೆ ಬಂತು. ಆ ಕಾಲದಲ್ಲಿ ಅದನ್ನು ಪುಟಾಣಿ ಕ್ಯಾಮೆರಾ ಅಂತಿದ್ದರು. ಇವತ್ತು ಯಾವುದನ್ನು ಪೂರ್ತಿ ಅಂತ ಕರೀತಾರೋ ಅದು ಹುಟ್ಟಿದಾಗ ಚಿಕ್ಕದು ಅನ್ನಿಸಿಕೊಂಡದ್ದು. ಮೋಟುಸಿರಿನ ಒಬ್ಬ ಕೆಲಸಗಾರ ತನ್ನ ಮೈಗೆ ಆಗುವಷ್ಟು ಭಾರಕ್ಕೆ ಇಳಿಸಿಕೊಂಡ ಅಳತೆ ಅದು.

ಆಮೇಲೆ ಡಿಜಿಟಲ್ ಬಂತು. ಅಷ್ಟು ದೊಡ್ಡ ಸೆನ್ಸರು ಮಾಡುವುದು ದುಬಾರಿ ಅಂತ ಮೊದಲು ಚಿಕ್ಕ ಸೆನ್ಸರುಗಳು ಬಂದವು. 2002ರಲ್ಲಿ ಕ್ಯಾನನ್ ಕಂಪನಿ 1ಡಿಎಸ್ ಅನ್ನುವ ಕ್ಯಾಮೆರಾದಲ್ಲಿ ಫಿಲ್ಮಿನ ಅಳತೆಯ ಸೆನ್ಸರು ತಂತು. 2005ರಲ್ಲಿ ಬಂದ ಅದರ 5ಡಿ ಸ್ವಲ್ಪ ಕೈಗೆಟುಕುವ ಬೆಲೆಯದು. ಹಳೆ ಫಿಲ್ಮಿನ ಲೆನ್ಸುಗಳು ರಾಶಿ ಬಿದ್ದಿದ್ದವಲ್ಲ, ಅವಕ್ಕೆ ಸರಿಹೊಂದುವ ಅಳತೆ ಇದು. ಅದಕ್ಕೇ ಇದು ಫುಲ್. ಅಳತೆಗೋಲು ಯಾರ ಕೈಲಿತ್ತೋ ಅವರು ಹೆಸರಿಟ್ಟರು.

ಹಾಗಂತ ಫುಲ್ ಫ್ರೇಮಿನ ಮೇಲೆ ಯಾರೂ ಇಲ್ಲವಾ? ಇದ್ದಾರೆ. ಮೀಡಿಯಂ ಫಾರ್ಮ್ಯಾಟ್ ಅಂತ ಇನ್ನೊಂದು ಇದೆ. ಹಿಂದಿನ ಕಾಲದ ಚೌಕ ಫಿಲ್ಮಿನ ಕ್ಯಾಮೆರಾದಲ್ಲಿ ಚಿತ್ರದ ಅಳತೆ 56ಕ್ಕೆ 56 ಮಿಲಿಮೀಟರ್. ಫುಲ್ ಫ್ರೇಮಿನ ಮೂರೂವರೆ ಪಟ್ಟಿಗಿಂತ ಹೆಚ್ಚು. ಅವರ ಕಣ್ಣಿಗೆ ಫುಲ್ ಫ್ರೇಮಿನವನು ಬಡವ. ಫುಲ್ ಫ್ರೇಮಿನವನ ಕಣ್ಣಿಗೆ ಕ್ರಾಪಿನವನು ಬಡವ. ಕ್ರಾಪಿನವನಿಗೆ ಮೊಬೈಲಿನಲ್ಲಿ ತೆಗೆಯುವವನು ಸಿಕ್ಕುತ್ತಾನೆ. ಮೆಟ್ಟಿಲ ಮೇಲೆ ಮೆಟ್ಟಿಲು; ತನ್ನ ಕೆಳಗೆ ಒಬ್ಬ ಇದ್ದಾನಲ್ಲ ಅನ್ನುವ ಸಮಾಧಾನ ಎಲ್ಲರಿಗೂ. ಬಾಬಾಸಾಹೇಬರು ಶ್ರೇಣೀಕೃತ ಅಸಮಾನತೆ ಅಂದರಲ್ಲ, ಅದನ್ನು ಮಾರಾಟಗಾರರು ಚೆನ್ನಾಗಿ ಓದಿಕೊಂಡ ಹಾಗೆ ಕಾಣುತ್ತೆ. ಹೋಲಿಕೆ ಅತಿಯಾಯ್ತು ಅನ್ನಬೇಡಿ. ಕ್ಯಾಮೆರಾ ಬದಲಾಯಿಸಬಹುದು, ಹುಟ್ಟು ಬದಲಾಯಿಸೋಕೆ ಆಗಲ್ಲ. ಆ ವ್ಯತ್ಯಾಸ ನನಗೂ ಗೊತ್ತು.

ಹೆಸರಿನ ಹೊಟ್ಟು ತೂರಿದ ಮೇಲೆ ಕಾಳು ಎಷ್ಟು ಉಳಿಯುತ್ತೆ, ಅದು ಪ್ರಶ್ನೆ. ಇಲ್ಲಿ ಎರಡು ಥರದ ಉಪದೇಶ ಸಿಗುತ್ತೆ.

ಒಂದು ಅಂಗಡಿಯವನದು. "ಸರ್, ಫೀಲ್ಡಲ್ಲಿ ಇರ್ಬೇಕು ಅಂದ್ರೆ ಅಪ್‌ಗ್ರೇಡ್ ಆಗ್ಲೇಬೇಕು. ಕಂತು ಮಾಡ್ಕೊಡ್ತೀವಿ." ಇನ್ನೊಂದು ದೊಡ್ಡವರದು. ಒಂದು ಶಿಬಿರದಲ್ಲಿ ಹೆಸರುವಾಸಿ ಛಾಯಾಗ್ರಾಹಕರೊಬ್ಬರು ನಮಗೆ ಪಾಠ ಹೇಳಿದರು. "ಕ್ಯಾಮೆರಾ ಮುಖ್ಯ ಅಲ್ಲ, ಕಣ್ಣು ಮುಖ್ಯ. ಇರೋದ್ರಲ್ಲೇ ಮಾಡ್ಬೇಕು." ಹುಡುಗರು ಚಪ್ಪಾಳೆ ಹೊಡೆದರು. ಹೇಳಿದವರ ಕತ್ತಿನಲ್ಲಿ ಎರಡು ಫುಲ್ ಫ್ರೇಮುಗಳು ನೇತಾಡುತ್ತಿದ್ದವು.

ಮೊದಲನೆಯವನ ಮಾತಿನ ಹಿಂದೆ ಏನಿದೆ ಅಂತ ಎಲ್ಲರಿಗೂ ಗೊತ್ತು. ನನಗೆ ಎರಡನೆಯದರ ಮೇಲೇ ಹೆಚ್ಚು ಸಿಟ್ಟು. ಇದ್ದುದರಲ್ಲಿ ತೃಪ್ತಿಪಡು ಅನ್ನುವ ಮಾತನ್ನು ನಮ್ಮ ಜನ ಬಹಳ ಕಾಲದಿಂದ ಕೇಳಿದ್ದಾರೆ. ಅದನ್ನು ಹೇಳುವವರ ಮನೆಯಲ್ಲಿ ಯಾವಾಗಲೂ ಎಲ್ಲವೂ ಇರುತ್ತೆ. ಕಣ್ಣು ಮುಖ್ಯ ಅನ್ನುವುದು ಸುಳ್ಳಲ್ಲ. ಆದರೆ ಕಣ್ಣು ಕಂಡದ್ದನ್ನು ಯಂತ್ರ ಹಿಡಿಯದೆ ಹೋದರೆ ಕಣ್ಣು ಇದ್ದವನೇ ಹೆಚ್ಚು ಸಂಕಟಪಡ್ತಾನೆ. ಅದಕ್ಕೆ ಇಬ್ಬರ ಮಾತನ್ನೂ ಬದಿಗಿಟ್ಟು ನಾನೇ ಲೆಕ್ಕಕ್ಕೆ ಕೂತೆ.

ಬೆಳಕು ಅಂದರೆ ಮಳೆ ಇದ್ದ ಹಾಗೆ. ಅಂಗಳದಲ್ಲಿ ಒಂದು ಚೊಂಬು ಇಡಿ, ಪಕ್ಕದಲ್ಲಿ ಅಗಲ ಬಾಯಿನ ಪಾತ್ರೆ ಇಡಿ. ಮಳೆ ಒಂದೇ, ಪಾತ್ರೆಗೆ ಬೀಳುವ ನೀರು ಹೆಚ್ಚು. ಫುಲ್ ಫ್ರೇಮಿನ ವಿಸ್ತೀರ್ಣ 864 ಚದರ ಮಿಲಿಮೀಟರ್. ನನ್ನದು ಸುಮಾರು 367. ಅಂದರೆ ಎರಡೂಕಾಲು ಪಟ್ಟಿಗಿಂತ ತುಸು ಹೆಚ್ಚು ಬೆಳಕು ಅದಕ್ಕೆ ಸಿಗುತ್ತೆ. ಹಗಲು ಹೊತ್ತು ಬೆಳಕು ಜಡಿಮಳೆಯಂತೆ ಸುರಿಯುವಾಗ ಚೊಂಬೂ ತುಂಬುತ್ತೆ, ಪಾತ್ರೆಯೂ ತುಂಬುತ್ತೆ. ಮದುವೆಯ ಹಗಲಿನ ಫೋಟೋವನ್ನು ಎರಡರಲ್ಲೂ ತೆಗೆದು ಪಕ್ಕಪಕ್ಕ ಇಟ್ಟರೆ ಗುರುತು ಹಿಡಿಯುವವರು ಕಡಿಮೆ. ತುಂತುರು ಬಿದ್ದಾಗ ಮಾತ್ರ ವ್ಯತ್ಯಾಸ. ಸಂಜೆ, ರಾತ್ರಿ, ಒಂದು ಬಲ್ಬಿನ ಹಟ್ಟಿ, ಬೀದಿದೀಪ. ಬೆಳಕು ಸಾಲದಾಗ ಕ್ಯಾಮೆರಾ ಬಂದಷ್ಟನ್ನೇ ಹಿಗ್ಗಿಸುತ್ತೆ. ಐಎಸ್ಒ ಏರಿಸುವುದು ಅಂದರೆ ಅದೇ. ಹಿಗ್ಗಿಸಿದಾಗ ಚಿತ್ರದ ಜೊತೆ ಗ್ರೇನ್ಸೂ ಎದ್ದು ಬರುತ್ತೆ. ಮುಖದ ಮೇಲೆ ರಾಗಿ ಹಿಟ್ಟು ಉದುರಿಸಿದ ಹಾಗೆ.

ಇಲ್ಲಿ ಅಂಗಡಿಯವನು ಹೇಳದ ಒಂದು ಸತ್ಯ ಇದೆ. ಗ್ರೇನ್ಸು ಎಲ್ಲರ ಮುಖದ ಮೇಲೂ ಒಂದೇ ಸಮ ಕೂರುವುದಿಲ್ಲ. ಬಿಳಿ ಚರ್ಮ ಬೆಳಕನ್ನು ಹೆಚ್ಚು ವಾಪಸ್ಸು ಕಳಿಸುತ್ತೆ, ಕಪ್ಪು ಚರ್ಮ ಕಡಿಮೆ ಕಳಿಸುತ್ತೆ. ಬೆಳಕು ಕಡಿಮೆ ಬಂದ ಕಡೆ ಗ್ರೇನ್ಸು ಹೆಚ್ಚು. ಹಾಗಾಗಿ ಅದೇ ಬಲ್ಬಿನ ಕೆಳಗೆ, ಅದೇ ಕ್ಯಾಮೆರಾದಲ್ಲಿ, ಮೊದಲು ಹಾಳಾಗುವುದು ನಮ್ಮ ಮುಖ.

ಫಿಲ್ಮಿನ ಕಾಲದಲ್ಲಿ ಇದು ಇನ್ನೂ ಕೆಟ್ಟದಾಗಿತ್ತು. ಕೊಡಾಕ್ ಕಂಪನಿ ಲ್ಯಾಬುಗಳಿಗೆ ಬಣ್ಣ ಸರಿ ಹೊಂದಿಸಿಕೊಳ್ಳೋಕೆ ಅಂತ ಒಂದು ಮಾದರಿ ಚಿತ್ರ ಕಳಿಸ್ತಿತ್ತು. ಅದರಲ್ಲಿ ಒಬ್ಬ ಬಿಳಿಯ ಹೆಂಗಸು. ಶರ್ಲಿ ಕಾರ್ಡು ಅಂತ ಅದರ ಹೆಸರು. ಅವಳ ಮೈಬಣ್ಣ ಸರಿಯಾಗಿ ಬಂದರೆ ಬಣ್ಣ ಸರಿ. ಮಿಕ್ಕವರು ಹೇಗೆ ಬಂದರೆ ಹಾಗೆ. ಚಾಕೊಲೇಟ್ ಕಂಪನಿಯವರು, ಮರದ ಪೀಠೋಪಕರಣದ ಕಂಪನಿಯವರು ನಮ್ಮ ಸಾಮಾನಿನ ಕಂದು ಬಣ್ಣಗಳು ಸರಿಯಾಗಿ ಬರ್ತಿಲ್ಲ ಅಂತ ದೂರು ಕೊಟ್ಟ ಮೇಲೆ ಗಮನ ಹರಿಯಿತು ಅಂತ ಆ ಕಂಪನಿಯಲ್ಲಿ ಕೆಲಸ ಮಾಡಿದವರೇ ಹೇಳಿದ್ದು ದಾಖಲಾಗಿದೆ. ಕುರ್ಚಿಗೆ ಸಿಕ್ಕ ನ್ಯಾಯ! ಮನುಷ್ಯರ ಬೇರೆ ಬೇರೆ ಬಣ್ಣಗಳಿರುವ ಮಾದರಿ ಚಿತ್ರಗಳು 1990ರ ದಶಕದಲ್ಲಿ ಬಂದವು.

ಈಗಿನ ಸೆನ್ಸರಿಗೆ ಆ ಪಕ್ಷಪಾತ ಇಲ್ಲ. ಅದು ಬಂದ ಬೆಳಕನ್ನು ಎಣಿಸುತ್ತೆ, ಅಷ್ಟೇ. ಆದರೆ ಕ್ಯಾಮೆರಾದ ಮೀಟರಿಗೆ ಒಂದು ಅಭ್ಯಾಸ ಇದೆ. ಎದುರಿಗೆ ಏನೇ ಇರಲಿ, ಅದನ್ನು ಸರಾಸರಿ ಬೂದು ಬಣ್ಣಕ್ಕೆ ತರಬೇಕು ಅಂತ ನೋಡುತ್ತೆ. ಸುಣ್ಣ ಹೊಡೆದ ಗೋಡೆಯ ಮುಂದೆ ನಮ್ಮ ಜನ ಬಿಳಿ ಪಂಚೆ ಉಟ್ಟು ಸಾಲಾಗಿ ನಿಂತರು ಅನ್ನಿ. ಮೀಟರು ಗೋಡೆಯ ಬಿಳುಪಿಗೆ ಹೆದರಿ ಬೆಳಕು ಕಡಿಮೆ ಮಾಡುತ್ತೆ. ಗೋಡೆ ಚೆನ್ನಾಗಿ ಬರುತ್ತೆ, ಮುಖ ಇದ್ದಿಲು. ಆಮೇಲೆ ಅದೇ ಜನ ಸ್ಟುಡಿಯೋಕ್ಕೆ ಬಂದು, "ವಸಿ ಬೆಳ್ಳಗೆ ಮಾಡ್ಕೊಡಣ್ಣ" ಅಂತ ಕೇಳ್ತಾರೆ. ಬೆಳ್ಳಗೆ ಆಗಬೇಕಾದ್ದಿಲ್ಲ, ಕಾಣಬೇಕು. ಎಷ್ಟು ಕಪ್ಪೋ ಅಷ್ಟು ಕಪ್ಪಾಗಿ, ಕಣ್ಣು ಮೂಗು ಸುಕ್ಕು ನಗು ಎಲ್ಲ ಕಾಣುವ ಹಾಗೆ. ಅದಕ್ಕೆ ಮಾಡಬೇಕಾದ್ದು, ಬೆಳಕಿನ ಗುಂಡಿಯನ್ನು ಒಂದು ಮೆಟ್ಟಿಲು ಮೇಲಕ್ಕೆ ತಿರುಗಿಸುವುದು. ಗೋಡೆ ಬೇಕಾದರೆ ಸುಟ್ಟುಹೋಗಲಿ, ಮುಖ ಉಳಿಯಲಿ. ಇದಕ್ಕೆ ಒಂದು ರೂಪಾಯಿ ಖರ್ಚಿಲ್ಲ. ಫುಲ್ ಫ್ರೇಮ್ ಕೊಂಡರೂ ಇದನ್ನು ಮಾಡಲೇಬೇಕು.

ಹಾಗಾದರೆ ನನ್ನ ಕ್ಯಾಮೆರಾ ಎಲ್ಲಿ ನಿಂತು ಹೋಗುತ್ತೆ? ಚಿಕ್ಕಲ್ಲೂರಿನಲ್ಲಿ.

ನೋಡದವರಿಗೆ ಹೇಳ್ತೀನಿ. ಚಾಮರಾಜನಗರ ಜಿಲ್ಲೆಯ ಚಿಕ್ಕಲ್ಲೂರು ಸಿದ್ದಪ್ಪಾಜಿಯ ಗದ್ದುಗೆ ಇರುವ ಜಾಗ. ಸಿದ್ದಪ್ಪಾಜಿ ಮಂಟೇಸ್ವಾಮಿಯ ಶಿಷ್ಯ. ಜನವರಿ ಹೊತ್ತಿಗೆ ಬರುವ ಹುಣ್ಣಿಮೆಯಿಂದ ಐದು ದಿನ ಜಾತ್ರೆ. ಮೊದಲ ರಾತ್ರಿ ಬಿದಿರಿನ ಚಂದ್ರಮಂಡಲಕ್ಕೆ ಬೆಂಕಿ ಕೊಡ್ತಾರೆ. ಉರಿ ಎದ್ದಾಗ ಅದರ ಬೆಳಕು ಸಾವಿರಾರು ಮುಖಗಳ ಮೇಲೆ ಬಿದ್ದು ಕ್ಷಣದಲ್ಲಿ ಹೋಗುತ್ತೆ. ಆಮೇಲೆ ಕತ್ತಲು. ಬಯಲಲ್ಲಿ ಅಲ್ಲಲ್ಲಿ ಬಿಡಾರ, ಒಲೆ, ಒಂದೊಂದು ದೀಪ. ನೀಲಗಾರರು ತಂಬೂರಿ ಮೀಟುತ್ತ ರಾತ್ರಿಯೆಲ್ಲ ಹಾಡುತ್ತಾರೆ. ಅಲ್ಲಿ ಫ್ಲ್ಯಾಶ್ ಹೊಡೆಯೋದು ಅಂದರೆ ಹಾಡುವವನ ಕಣ್ಣಿಗೆ ಹೊಡೆದ ಹಾಗೆ. ನಾನು ಹೊಡೆಯುವುದಿಲ್ಲ. ಐಎಸ್ಒ 6400ಕ್ಕೆ ಏರಿಸಿ ತೆಗೆದರೆ ಬೆಂಕಿ ಚೆನ್ನಾಗಿ ಬರುತ್ತೆ, ಹಾಡುವವನ ಮುಖದ ಮೇಲೆ ಗ್ರೇನ್ಸು ಕುಣಿಯುತ್ತೆ. ಪೌರಕಾರ್ಮಿಕರ ಕೆಲಸವೂ ಹಾಗೇ. ಅವರ ದಿನ ಶುರುವಾಗುವುದೇ ಬೀದಿದೀಪದ ಕೆಳಗೆ. ಊರು ಏಳುವ ಹೊತ್ತಿಗೆ ಅವರ ಅರ್ಧ ಕೆಲಸ ಮುಗಿದಿರುತ್ತೆ. ಬೆಳಕಾದ ಮೇಲೆ ತೆಗೆದರೆ ಅದು ಅವರ ಕೆಲಸದ ಫೋಟೋ ಅಲ್ಲ, ಅವರ ವಿಶ್ರಾಂತಿಯ ಫೋಟೋ.

ಹಾಗಂತ ಕೂಡಲೇ ಸಾಲಕ್ಕೆ ಓಡಲಿಲ್ಲ. ಕಳೆದ ಎರಡು ವರ್ಷದಲ್ಲಿ ರಾತ್ರಿ, ಬೆಳಗಿನ ಜಾವ ತೆಗೆದು ಕೆಲಸಕ್ಕೆ ಬಾರದೆ ಉಳಿದ ಫೋಟೋಗಳಲ್ಲಿ ನೂರನ್ನು ತೆಗೆದಿಟ್ಟೆ. ಒಂದೊಂದೂ ಯಾಕೆ ಕೆಟ್ಟಿತು ಅಂತ ನೋಡಿ ಗುಂಪು ಮಾಡಿದೆ. ಲೆನ್ಸಿನ ಬಾಯಿ ಚಿಕ್ಕದಾದ್ದರಿಂದ ಕೆಟ್ಟವು 44. ಹತ್ತಿರ ನಿಲ್ಲಲು ಜಾಗ ಸಿಗದೆ, ದೂರದಿಂದ ತೆಗೆದು ಕೆಟ್ಟವು 25. ಹಿಂದೆ ಟ್ಯೂಬ್‌ಲೈಟೋ ಬಿಳಿ ಫ್ಲೆಕ್ಸೋ ಇದ್ದು ಮೀಟರು ಮೋಸ ಮಾಡಿದವು 13. ದೊಡ್ಡ ಸೆನ್ಸರು ಇದ್ದಿದ್ದರೆ ಮಾತ್ರ ಉಳಿಯುತ್ತಿದ್ದವು 18.

ಆ 44ರ ಕಥೆ ಕೇಳಿ. ನನ್ನ ಲೆನ್ಸು 55ರ ತುದಿಯಲ್ಲಿ ಎಫ್ 5.6ಕ್ಕಿಂತ ಹೆಚ್ಚು ಬಾಯಿ ತೆರೆಯಲ್ಲ. 50 ಎಂಎಂ ಎಫ್ 1.8 ಅಂತ ಒಂದು ಪುಟ್ಟ ಲೆನ್ಸು ಸಿಗುತ್ತೆ. ಅದು ಬಾಯಿ ಪೂರ್ತಿ ತೆರೆದರೆ ಒಂಬತ್ತು ಪಟ್ಟಿಗಿಂತ ಹೆಚ್ಚು ಬೆಳಕು. ಎರಡೂವರೆ ಲಕ್ಷದ ಕ್ಯಾಮೆರಾದ ಸೆನ್ಸರು ಕೊಡುವುದು ಎರಡೂಕಾಲು ಪಟ್ಟು, ಹಳೆಯದಾಗಿ ಒಂಬತ್ತು ಸಾವಿರಕ್ಕೆ ಸಿಕ್ಕ ಲೆನ್ಸು ಕೊಡುವುದು ಒಂಬತ್ತು ಪಟ್ಟು! ಆದರೆ ಪೂರ್ತಿ ಹೇಳಬೇಕು. ಅಷ್ಟು ಬಾಯಿ ತೆರೆದರೆ ಒಂದು ಮುಖ ಸ್ಪಷ್ಟ ಬರುತ್ತೆ, ಹಿಂದೆ ನಿಂತವನು ಮಸುಕಾಗ್ತಾನೆ. ಒಬ್ಬರೇ ಕೂತು ಹಾಡುವಾಗ ಸರಿ. ಐದಾರು ಜನ ಹಿಂದೆ ಮುಂದೆ ಕುಣಿಯುವಾಗ ಅದು ಸಾಲದು. ಅಲ್ಲಿಗೇ ಆ 18 ಬರುವುದು.

ಹದಿನೆಂಟೇ ತಾನೆ ಅಂತ ಲೆಕ್ಕ ಮುಗಿಸಬಹುದಿತ್ತು. ಆದರೆ ಯಾವ ಹದಿನೆಂಟು? ಚಿಕ್ಕಲ್ಲೂರಿನ ನೀಲಗಾರರ ಸಾಲು, ಕಸದ ಗಾಡಿಯ ಸುತ್ತ ನಿಂತ ಹೆಂಗಸರು. ಮತ್ತೆ ತೆಗೆಯಲಾಗದಂಥವು. ಆ ಹಾಡುವವರಲ್ಲಿ ಇಬ್ಬರು ಈಗ ಇಲ್ಲ. ಆದ್ದರಿಂದ ಫುಲ್ ಫ್ರೇಮ್ ಬರೀ ಶೋಕಿ ಅನ್ನುವ ಮಾತನ್ನು ನಾನು ಒಪ್ಪಲ್ಲ. ಅದು ನನ್ನ ಕೆಲಸಕ್ಕೆ ಬೇಕು. ವರ್ಷದಲ್ಲಿ ಎಷ್ಟು ದಿನ ಬೇಕು ಅನ್ನುವುದೇ ಪ್ರಶ್ನೆ.

ಮದುವೆಗೆ ಅದು ಬೇಕಾಗುವುದು ಬೇರೆ ಕಾರಣಕ್ಕೆ. ಅದೇ ಲೆನ್ಸಿನ ತೆರವಿನಲ್ಲಿ, ಅಷ್ಟೇ ದೊಡ್ಡದಾಗಿ ಮುಖ ತೆಗೆದರೆ, ಫುಲ್ ಫ್ರೇಮಿನಲ್ಲಿ ಹಿಂದಿನದು ಹೆಚ್ಚು ಮಸುಕಾಗುತ್ತೆ. ಹೆಣ್ಣು ಗಂಡು ಮಾತ್ರ ಸ್ಪಷ್ಟ, ಮಿಕ್ಕಿದ್ದು ಬೆಣ್ಣೆ ಕರಗಿದ ಹಾಗೆ. ಜನಕ್ಕೆ ಅದೇ ಇಷ್ಟ. ಆ ಬೆಣ್ಣೆಯೊಳಗೆ ಎಲೆ ಎತ್ತುವವಳು, ಪಾತ್ರೆ ತೊಳೆಯುವವನು, ವಾಲಗದವನು ಎಲ್ಲ ಕರಗಿ ಹೋಗಿರ್ತಾರೆ. ದುಡ್ಡು ಕೊಟ್ಟವರು ಕೇಳಿದ್ದನ್ನು ತೆಗೆದುಕೊಡ್ತೀನಿ, ಅದು ಕಸುಬು. ನನ್ನ ಸ್ವಂತ ಕೆಲಸದಲ್ಲಿ ನನಗೆ ಹಿಂದಿನವರೂ ಕಾಣಬೇಕು.

ಇನ್ನು ದುಡ್ಡು. ಅಂಗಡಿಯವನು ಬರೆದುಕೊಟ್ಟ ಚೀಟಿಯಲ್ಲಿ ಬಾಡಿ ಒಂದೂ ಮುಕ್ಕಾಲು ಲಕ್ಷ, ಲೆನ್ಸು ಮುಕ್ಕಾಲು ಲಕ್ಷ. ಹಳೇ ಲೆನ್ಸೇ ಹಾಕಿಕೊಳ್ತೀನಿ ಅಂದರೆ ಆಗುತ್ತೆ, ಆದರೆ ಕ್ರಾಪಿಗೆ ಅಂತ ಮಾಡಿದ ಲೆನ್ಸು ಹಾಕಿದರೆ ಆ ದೊಡ್ಡ ಸೆನ್ಸರು ನಡುವಿನ ತುಂಡನ್ನು ಮಾತ್ರ ಬಳಸುತ್ತೆ. 24 ಮೆಗಾಪಿಕ್ಸೆಲ್ಲಿನ ಕ್ಯಾಮೆರಾ ಹತ್ತಕ್ಕೆ ಇಳಿಯುತ್ತೆ. ಎತ್ತು ತಂದರೆ ಸಾಲದು. ನೊಗ, ಗಾಡಿ, ಮೇವು, ಕೊಟ್ಟಿಗೆ ಎಲ್ಲ ಆಗಬೇಕು.

ಮನೆಯಲ್ಲಿ ಮಾತು ತೆಗೆದೆ. ಅವ್ವ ಕೇಳಿದಳು:

"ಅದೇನ್ ಮಗ ಅದು, ಪುಲ್ ಪ್ರೇಮು? ಪೋಟಕ್ಕ ಕಟ್ಟು ಹಾಕ್ಸದಾ?"

"ಅಲ್ಲ ಕನವ್ವ, ಕ್ಯಾಮ್ರಾ."

"ಎರಡೂವರೆ ಲಕ್ಷ್ವಾ! ಚಿನ್ನದ ಕಟ್ಟಾದ್ರೂ ಬತ್ತಿತ್ತಲ್ಲ ಮಗ."

ನನ್ನ ಹೆಂಡತಿ ನಗಲಿಲ್ಲ. ಅವಳು ಸಂಘದ ಲೆಕ್ಕ ಬರೆಯುವವಳು. "ಬ್ಯಾಡ ಅಂತ ನಾನು ಹೇಳಲ್ಲ. ಸಂಘದಲ್ಲಿ ಕೇಳುದ್ರ ಸಾಲ ಸಿಕ್ತದ. ಆದ್ರ ಹಸ ಕೊಳ್ಳುವಾಗ ಎಷ್ಟು ಹಾಲು ಕೊಟ್ಟದು ಅಂತ ಕೇಳಲ್ವಾ? ಇದು ದುಡ್ದು ತನ್ನ ಕಂತು ತಾನೇ ಕಟ್ಕಂಡದಾ, ಅಷ್ಟು ಹೇಳಿ. ಮಗಳು ನರ್ಸಿಂಗ್ ಸೇರ್ತೀನಿ ಅಂತಾವ್ಳ. ಅವಳ ಫೀಜು ಮುಟ್ಟಂಗಿಲ್ಲ."

ಹಾಲಿನ ಲೆಕ್ಕ ಹಾಕಿದೆ. ಮೈಸೂರಿನ ದೊಡ್ಡ ಮದುವೆಗಳಿಗೆ ನಮ್ಮಂಥವರನ್ನು ದಿನಗೂಲಿಗೆ ಕರೀತಾರೆ. ಫುಲ್ ಫ್ರೇಮ್ ಇದ್ದವನಿಗೆ ದಿನಕ್ಕೆ ಒಂದೂವರೆ ಸಾವಿರ ಜಾಸ್ತಿ. ಆಷಾಢ ಕಳೆದು, ಧನುರ್ಮಾಸ ಕಳೆದು ನನಗೆ ಅಂಥ ಕೆಲಸ ಸಿಗುವುದು ವರ್ಷಕ್ಕೆ ಇಪ್ಪತ್ತು ದಿನ. ಮೂವತ್ತು ಸಾವಿರ. ಎರಡೂವರೆ ಲಕ್ಷ ತೀರಲು, ಬಡ್ಡಿ ಬಿಟ್ಟು, ಎಂಟು ವರ್ಷ ದಾಟುತ್ತೆ. ಅಷ್ಟರಲ್ಲಿ ಇನ್ನೊಂದು ಹೊಸ ಹೆಸರು ಊರಿಂದೂರಿಗೆ ನಡೆದು ಬಂದಿರುತ್ತೆ. ನಲವತ್ತು ದಿನ ಕೆಲಸ ಸಿಕ್ಕುವವನಿಗೆ ನಾಲ್ಕು ವರ್ಷದಲ್ಲಿ ತೀರುತ್ತೆ. ಅವನು ಕೊಳ್ಳಲಿ, ತಪ್ಪಿಲ್ಲ. ಅದು ಅವನ ಹಸು.

ಇನ್ನು ಆ ಎರಡನೆಯ ಕೆಲಸ ಯಾಕೆ ಅನ್ನುವುದು.

ನಮ್ಮ ಕೇರಿಯಲ್ಲಿ ಯಾರಾದರೂ ತೀರಿಕೊಂಡರೆ, ಹೆಣ ಎತ್ತುವ ಮೊದಲೇ ಒಬ್ಬ ಹುಡುಗ ನನ್ನ ಹತ್ತಿರ ಓಡಿ ಬರ್ತಾನೆ. ಕೈಯಲ್ಲಿ ಆಧಾರ್ ಕಾರ್ಡು. "ಅಣ್ಣ, ಇದ್ನೇ ದೊಡ್ಡದು ಮಾಡ್ಕೊಡು, ಬ್ಯಾರೆ ಪೋಟ ಇಲ್ಲ." ಎಪ್ಪತ್ತು ವರ್ಷ ಗದ್ದೆಯಲ್ಲಿ ಬಗ್ಗಿ ದುಡಿದ ಹೆಂಗಸಿಗೆ ಇರುವ ಒಂದೇ ಚಿತ್ರ ಸರ್ಕಾರ ಗುರುತಿಗೆ ಅಂತ ತೆಗೆದದ್ದು. ಹೆಬ್ಬೆರಳಷ್ಟು ಗಾತ್ರದ ಆ ಚಿತ್ರವನ್ನು ಹಿಗ್ಗಿಸಿದರೆ ಮುಖ ಇರಲ್ಲ, ಚುಕ್ಕಿ ಇರುತ್ತೆ. ಅದಕ್ಕೇ ಹೂವಿನ ಹಾರ ಹಾಕ್ತಾರೆ.

ನಮ್ಮಂಥವರ ಫೋಟೋ ತೆಗೆಯುವ ಚರಿತ್ರೆ ಶುರುವಾದದ್ದೂ ಗುರುತಿಗೇ. ಬ್ರಿಟಿಷರ ಕಾಲದಲ್ಲಿ 'ದ ಪೀಪಲ್ ಆಫ್ ಇಂಡಿಯಾ' ಅಂತ 1868ರಿಂದ 1875ರವರೆಗೆ ಎಂಟು ಸಂಪುಟ ಹೊರಬಂದವು. ಜಾತಿಗೊಂದು, ಬುಡಕಟ್ಟಿಗೊಂದು ಮಾದರಿ ಅಂತ ಜನರನ್ನು ನಿಲ್ಲಿಸಿ ತೆಗೆದ ಫೋಟೋಗಳು. ಆಗಿನ ಕ್ಯಾಮೆರಾಗಳು ಗಾಜಿನ ಪ್ಲೇಟಿನವು. ಇವತ್ತಿನ ಯಾವ ಫುಲ್ ಫ್ರೇಮೂ ಅವುಗಳ ಅಳತೆಯ ಹತ್ತಿರ ಬರಲ್ಲ. ಅಷ್ಟು ದೊಡ್ಡ ಚೌಕಟ್ಟಿನೊಳಗೆ ನಿಂತ ಎಷ್ಟೋ ಜನರಿಗೆ ಅಲ್ಲಿ ಜಾತಿಯ ಹೆಸರಿದೆ, ತಮ್ಮ ಹೆಸರಿಲ್ಲ. ತೆಗೆಸಿಕೊಂಡವರ ಮನೆಗೆ ಆ ಚಿತ್ರ ಬರಲಿ ಅಂತ ಅದನ್ನು ತೆಗೆದದ್ದೂ ಅಲ್ಲ. ಚೌಕಟ್ಟು ದೊಡ್ಡದಾದ ಮಾತ್ರಕ್ಕೆ ಮನುಷ್ಯ ದೊಡ್ಡವನಾಗಿ ಕಾಣಲ್ಲ.

ಹಾಗಾಗಿ ನನಗೆ ಪ್ರಿಂಟು ಮುಖ್ಯ. ತೆಗೆಸಿಕೊಂಡವರ ಕೈಗೆ ಹೋಗುವ ಪ್ರಿಂಟು. ನಮ್ಮ ಕೇರಿಯಲ್ಲಿ 120 ಮನೆ. ಮನೆಗೊಂದು ಒಳ್ಳೆಯ ಫೋಟೋ, ಕಟ್ಟು ಹಾಕಿಸಿ ಕೊಟ್ಟರೆ ಒಂದಕ್ಕೆ ಮುನ್ನೂರು ರೂಪಾಯಿ. ಒಟ್ಟು ಮೂವತ್ತಾರು ಸಾವಿರ. ಚಿತ್ರ ಹಿಗ್ಗಿಸಿದರೆ ಒಡೆಯುತ್ತಾ ಅಂದರೆ ಇಲ್ಲ. ನನ್ನ ಹಳೇ ಕ್ಯಾಮೆರಾದ ಚಿತ್ರ 6000ಕ್ಕೆ 4000 ಚುಕ್ಕಿ. ಇಂಚಿಗೆ 300ರಂತೆ ಹಾಕಿದರೂ 20 ಇಂಚಿಗೆ 13 ಇಂಚು ಪ್ರಿಂಟು ಬರುತ್ತೆ. ಮದುವೆಯ 12-36ರ ಕರಿಜ್ಮಾ ಆಲ್ಬಮ್ಮಿನ ಒಂದು ಪುಟ 12ಕ್ಕೆ 18. ಅದಕ್ಕೂ ಸಾಕು, ನಮ್ಮ ಹಟ್ಟಿಯ ಗೋಡೆಗೂ ಸಾಕು.

ಅಲ್ಲಿಗೆ ತೀರ್ಮಾನ ಮಾಡಿದೆ. ಸಾಲ ಮಾಡಿ ಕೊಳ್ಳಲ್ಲ. ಒಂಬತ್ತು ಸಾವಿರದ ಆ 50 ಎಂಎಂ ಲೆನ್ಸು ಕೊಂಡಾಯ್ತು. ಮೈಸೂರಿನಲ್ಲಿ, ಬೆಂಗಳೂರಿನಲ್ಲಿ ಫುಲ್ ಫ್ರೇಮ್ ಕ್ಯಾಮೆರಾ ಬಾಡಿಗೆಗೆ ಸಿಗುತ್ತೆ. ಗುರುತಿನ ಚೀಟಿ, ಮುಂಗಡ ಕೊಟ್ಟರೆ ಲೆನ್ಸಿನ ಸಮೇತ ದಿನಕ್ಕೆ ಎರಡು ಸಾವಿರದ ಆಸುಪಾಸು. ಚಿಕ್ಕಲ್ಲೂರಿನ ಮೂರು ರಾತ್ರಿಗೆ, ಪೌರಕಾರ್ಮಿಕರ ಜೊತೆ ಎರಡು ಬೆಳಗಿಗೆ, ವರ್ಷಕ್ಕೆ ಹತ್ತು ಸಾವಿರ. ಆ ಹದಿನೆಂಟರಂಥವನ್ನು ಕಳಕೊಳ್ಳಬಾರದು ಅಂತ ಆ ಐದು ದಿನ. ಮಿಕ್ಕ ದಿನಕ್ಕೆ ಹಳೇ ಕ್ಯಾಮೆರಾ. ಪ್ರಿಂಟಿನ ಮೂವತ್ತಾರು ಸಾವಿರವನ್ನು ಎರಡು ವರ್ಷಕ್ಕೆ ಹಂಚಿಕೊಂಡಿದ್ದೀನಿ. ಮಗಳ ಫೀಜಿನ ತಂಟೆಗೆ ಹೋಗಿಲ್ಲ.

ಇದು ತ್ಯಾಗ ಅಲ್ಲ. ಬಡತನದ ಹೆಮ್ಮೆಯೂ ಅಲ್ಲ. ಬಾಡಿಗೆಯ ದಿನಗಳು ಐದರಿಂದ ನಲವತ್ತಕ್ಕೆ ಏರಿದರೆ, ಆವತ್ತು ಕೊಳ್ತೀನಿ. ಮೇಲಿನದನ್ನೇ ಕೊಳ್ತೀನಿ, ಸಂಕೋಚ ಇಲ್ಲದೆ ಕೊಳ್ತೀನಿ. ಇರೋದ್ರಲ್ಲೇ ಮಾಡು ಅಂತ ಆವತ್ತು ಯಾರಾದರೂ ಉಪದೇಶ ಮಾಡಿದರೆ, ಅವರ ಕತ್ತಿನ ಕ್ಯಾಮೆರಾ ಕೊಟ್ಟು ಮಾತಾಡಿ ಅಂತ ಕೇಳ್ತೀನಿ.

ಕ್ಯಾಮೆರಾ ಹಿಡಿದ ತಮ್ಮಂದಿರೆ, ತಂಗಿಯರೆ, ನಿಮಗೆ ಬೇಡ ಅಂತಲೂ ಹೇಳಲ್ಲ, ಬೇಕು ಅಂತಲೂ ಹೇಳಲ್ಲ. ನಿಮ್ಮ ಕೆಟ್ಟುಹೋದ ನೂರು ಫೋಟೋ ಮುಂದಿಟ್ಟುಕೊಂಡು ಕೂತ್ಕೊಳ್ಳಿ. ಯಂತ್ರದಿಂದ ಕೆಟ್ಟದ್ದೆಷ್ಟು, ಲೆನ್ಸಿನಿಂದ ಎಷ್ಟು, ನಮ್ಮನ್ನು ದೂರ ನಿಲ್ಲಿಸಿದ್ದರಿಂದ ಎಷ್ಟು, ಎಣಿಸಿ. ಆ ಇಪ್ಪತ್ತೈದು ಇದ್ದವಲ್ಲ, ಹತ್ತಿರ ಬಿಡದೆ ಕೆಟ್ಟವು, ಅವಕ್ಕೆ ಯಾವ ಅಂಗಡಿಯಲ್ಲೂ ಮದ್ದಿಲ್ಲ. ಅದಕ್ಕೆ ಜಗಳ ಆಡಿ ಮುಂದೆ ಹೋಗಿ ನಿಲ್ಲಬೇಕು.

ಈ ತಿಂಗಳು ಇಪ್ಪತ್ತಮೂರು ಮನೆಗೆ ಫೋಟೋ ಕೊಟ್ಟೆ. ಪ್ರತಿಯೊಂದರ ಹಿಂದೆ ಅವರ ಹೆಸರು, ಊರು, ತಾರೀಖು ಬರೆದಿದ್ದೀನಿ. ಇನ್ನು ತೊಂಬತ್ತೇಳು ಮನೆ ಬಾಕಿ ಇದೆ.